ನಮ್ಮವರನ್ನು ಕಳಿಸಿಕೊಟ್ಟ ನಿಮಗೆಲ್ಲ

ನನ್ನ ಯಜಮಾನರ ಹದಿಮೂರನೆಯ ದಿನದ ಕಾರ್ಯ ಮುಗಿದು ಮನೆ ಖಾಲಿಯಾಗಿದೆ. ಬಂದವರಿಗೆಲ್ಲ ಎದುರಿಗೆ ಕೈ ಮುಗಿಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆಗೆ ನೀರು ನಿಂತಾಗ ಇವರಿಗೆ ಹದಿನಾಲ್ಕು ವರ್ಷ. ಮನೆಯ ಹೆಂಚು, ತೊಲೆ, ಬಾಗಿಲು ಕಿತ್ತು ಗುಡ್ಡದ ಮೇಲಕ್ಕೆ ಹೊತ್ತವರಲ್ಲಿ ಇವರೂ ಒಬ್ಬರು. ಗದ್ದೆಯನ್ನು ಮಾತ್ರ ಹೊರಲಾಗಲಿಲ್ಲ ಎನ್ನುತ್ತಿದ್ದರು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ, ಬೊಡ್ಡೆಗಳ ನಡುವೆ ನಿಂತು, ಇಲ್ಲಿ ಕೊಟ್ಟಿಗೆ, ಇಲ್ಲಿ ಬಾವಿ ಎಂದು ಕೋಲಿನಿಂದ ಗೆರೆ ಎಳೆದು ತೋರಿಸುತ್ತಿದ್ದರು. ನೀರು ತೀರಾ ಕಡಿಮೆಯಾದ ವರ್ಷ, 1948ರಲ್ಲಿ ಮುಗಿದು ಆಮೇಲೆ ಇದೇ ನೀರಿನಲ್ಲಿ ಮುಳುಗಿದ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣಿಸಿಕೊಳ್ಳುತ್ತದಲ್ಲ, ಅದನ್ನೂ ತೋರಿಸಿದ್ದರು. ಅಣೆಕಟ್ಟೆಯೂ ಮುಳುಗುತ್ತದೆಯೇ ಅಜ್ಜ ಎಂದು ಚಿಕ್ಕವಳು ಕೇಳಿದಾಗ ಇವರು ಬಹಳ ಹೊತ್ತು ಸುಮ್ಮನಿದ್ದರು.

ನಮ್ಮ ಹಿರಿಯ ಮಗ ಹುಟ್ಟಿದ್ದು 1978ರ ಮಳೆಗಾಲದಲ್ಲಿ. ನೋವು ಕಾಣಿಸಿಕೊಂಡಾಗ ಹಿನ್ನೀರು ದಾಟಿಸುವ ಸಂಜೆಯ ಕೊನೆಯ ಲಾಂಚ್ ಹೋಗಿಯಾಗಿತ್ತು. ಕೋಗಾರು ರಸ್ತೆಯಲ್ಲಿ ಸುತ್ತಿ ಹೋಗುವಷ್ಟು ಹೊತ್ತಿರಲಿಲ್ಲ. ದಡದಲ್ಲಿ ನಿಂತು ಇವರು ಬ್ಯಾಟರಿ ಬೀಸಿ ಕೂಗಿದರು. ಆ ಕಡೆಯಿಂದ ಒಬ್ಬರು ಗಾಳಿ ಮಳೆಯಲ್ಲೇ ಲಾಂಚ್ ತಂದರು. ಹಣ ಕೊಡಲು ಹೋದರೆ, ಮಗುವಿಗೆ ಅಂಗಿ ಹೊಲಿಸಿ ಎಂದರಂತೆ. ಅವರು ಈಗಿಲ್ಲ. ಅವರ ಮಗ ಮತ್ತು ಸೊಸೆ ಮೊನ್ನೆ ಬಂದು ಇವರ ತಲೆಯ ಬಳಿ ದೀಪಕ್ಕೆ ಎಣ್ಣೆ ಹಾಕಿದರು. ನಿಮ್ಮ ತಂದೆಯ ಹೆಸರನ್ನು ಇವರು ನಮ್ಮ ಮನೆಯಲ್ಲಿ ಎಷ್ಟು ಸಲ ಹೇಳಿದ್ದರೆಂಬುದು ನಿಮಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಹಿನ್ನೀರಿನ ಮೇಲೆ ಕಟ್ಟಿದ ಸಿಗಂದೂರು ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಮರುವಾರ ಇವರು ಬಸ್ ಬೇಡವೆಂದು ಮಗಳ ಕೈ ಹಿಡಿದು ಆಚೆ ದಡದ ಅಂಬಾರಗೋಡ್ಲುವಿನ ತನಕ ನಡೆದರು. ನಡುವೆ ನಿಂತು ಕೆಳಗಿನ ನೀರನ್ನು ನೋಡಿ, ನಮ್ಮ ಊರು ಆ ಕಡೆ ಎಂದು ಕೈ ತೋರಿಸಿದರು. ಆಮೇಲೆ ಪೈರು ತುಂಬಿದ ಭೂಮಿಗೆ ಬಯಕೆ ಹಾಕುವ ಭೂಮಿ ಹುಣ್ಣಿಮೆ ಬಂತು. ನಾನು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯನ್ನು ಹೊತ್ತು, ಬೆಳಗಿನ ಜಾವ ಗದ್ದೆಯ ತುಂಬ ಎಡೆಯ ಚರಗ ಚೆಲ್ಲಿ ಬಂದರು. ಮುಳುಗಿದ ಗದ್ದೆಯ ಪಾಲೆಂದು ಒಂದು ಹಿಡಿಯನ್ನು ಯಾವಾಗಲೂ ಹಿನ್ನೀರಿಗೆ ಹಾಕುತ್ತಿದ್ದರು. ಈ ಸಲವೂ ಹಾಕಿದರು.

ದೀಪಾವಳಿ ಕಳೆದ ಮೇಲೆ ಒಂದು ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡಿತು. ಆಂಬುಲೆನ್ಸ್ ಸೇತುವೆ ದಾಟಿದ್ದು ನನಗೆ ತಿಳಿಯಲೇ ಇಲ್ಲ, ಅಷ್ಟು ಬೇಗ. ಸಾಗರದಲ್ಲಿ ಮೂರು ದಿನ ಸಿಕ್ಕಿತು. ಬೆಂಗಳೂರಿನಿಂದ ಮಗ, ಮಂಗಳೂರಿನಿಂದ ಮಗಳು, ಮೊಮ್ಮಕ್ಕಳು ಎಲ್ಲರೂ ಬಂದು ಮಾತನಾಡಿಸುವಷ್ಟು ಸಮಯ ಅದು. ನಿದ್ದೆಯಿಂದೆದ್ದು ಗಾಡಿ ತಂದ ಹುಡುಗನಿಗೆ, ಮೂರು ರಾತ್ರಿಯೂ ನನ್ನನ್ನು ಗದರಿಸಿ ಊಟ ಮಾಡಿಸಿದ ನರ್ಸಮ್ಮನಿಗೆ ಆ ಮೂರು ದಿನಗಳ ಋಣ ನನ್ನ ಮೇಲಿದೆ. ಉಳಿಸಿಕೊಡಿ ಎಂದು ನಾನು ಅತ್ತುಬಿಟ್ಟೆ, ಕೂಗಾಡಿದೆ. ಆಸ್ಪತ್ರೆಯವರು ಒಂದು ಮಾತೂ ತಿರುಗಿ ಆಡಲಿಲ್ಲ.

ಸೌದೆ ಹೊತ್ತವರು, ಹನ್ನೆರಡು ದಿನ ನಮ್ಮ ಒಲೆಯ ಮುಂದೆ ಕುಳಿತ ಕೇರಿಯ ಹೆಣ್ಣುಮಕ್ಕಳು, ಕೇಳದೆಯೇ ನಮ್ಮ ಭತ್ತ ಕೊಯ್ದು ಬಣವೆ ಹಾಕಿದವರು, ನಿಮ್ಮ ಹೆಸರು ಬರೆಯಲು ಹೊರಟರೆ ಒಬ್ಬರಾದರೂ ಬಿಟ್ಟುಹೋಗುತ್ತಾರೆಂದು ಭಯ. ನಿಮಗೆಲ್ಲ ನನ್ನ, ಮಕ್ಕಳ, ಮೊಮ್ಮಕ್ಕಳ ಕೈ ಮುಗಿತ.

ನೀವು ಅನ್ನ, ಸಾರು ತಂದ ಪಾತ್ರೆಗಳಲ್ಲಿ ಹೆಸರು ಕೆತ್ತಿಸದ ಮೂರು ಇನ್ನೂ ಇಲ್ಲಿವೆ: ಒಂದು ಹಿತ್ತಾಳೆಯದು, ಎರಡು ಸ್ಟೀಲಿನವು. ಯಾರದೆಂದು ಬಂದು ನೋಡಿ. ಊಟದ ಹೊತ್ತಿಗೇ ಬನ್ನಿ.