ಡ್ರೈಯರ್ ನೋಡಲು ಬಂದ ಆ ಮೆಕ್ಯಾನಿಕ್ಕರಿಗೆ

ಡ್ರೈಯರಿನ ಡ್ರಮ್ ಎಂದಿನಂತೆ ತಿರುಗುತ್ತಿದ್ದರೂ, ಒಂದು ಗಂಟೆಯ ನಂತರ ಬಾಗಿಲು ತೆರೆದರೆ ಬಟ್ಟೆಗಳು ತಣ್ಣಗೆ, ಒದ್ದೆಯಾಗಿಯೇ ಇದ್ದವು. ಹೊರಗೆ ಬಿಡದ ಮಳೆ, ಒಳಗೆ ಜ್ವರದಿಂದ ಮಲಗಿದ್ದ ಮಗು. ಹೀಟರ್ ಸುಟ್ಟುಹೋಗಿದೆ, ಹೊಸ ಯಂತ್ರವನ್ನೇ ಕೊಳ್ಳಬೇಕಾದೀತು ಎಂದು ನಾನು ಆಗಲೇ ಲೆಕ್ಕ ಹಾಕತೊಡಗಿದ್ದೆ.

ದಿನದ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಮೆಕ್ಯಾನಿಕ್ ನನ್ನ ಕರೆಗೆ ಓಗೊಟ್ಟು ಬಂದರು. ಮಗು ಮಲಗಿರುವುದನ್ನು ಕಂಡು, ಯಾರೂ ಹೇಳದೆಯೇ ದನಿ ತಗ್ಗಿಸಿದರು. ಪ್ಲಗ್ ಕಿತ್ತು, ಹಿಂಬದಿಯ ತಗಡು ಬಿಚ್ಚಿ, ವಿದ್ಯುತ್ ಹರಿವನ್ನು ಪರೀಕ್ಷಿಸುವ ಮಲ್ಟಿಮೀಟರಿನಿಂದ ನೋಡಿದಾಗ ಹೀಟರ್ ಸರಿಯಾಗಿಯೇ ಇತ್ತು. ಅದರ ಪಕ್ಕದ ಪುಟ್ಟ ಥರ್ಮಲ್ ಫ್ಯೂಸಿಗೆ ಮೀಟರಿನ ಕಡ್ಡಿಗಳನ್ನು ತಾಗಿಸಿದಾಗ ಮಾತ್ರ ಅದು ಸದ್ದು ಮಾಡಲಿಲ್ಲ; ಅಂದರೆ ಫ್ಯೂಸ್ ಕಡಿದುಹೋಗಿತ್ತು. ಫ್ಯೂಸನ್ನು ಬದಲಿಸಿ ಹೊರಟುಬಿಡಬಹುದಿತ್ತು. ಆದರೆ "ಇದು ಸುಮ್ಮಸುಮ್ಮನೆ ಹೋಗುವುದಿಲ್ಲ" ಎನ್ನುತ್ತಾ ಬಿಸಿಗಾಳಿ ಹೊರಹೋಗುವ ಕೊಳವೆಯನ್ನು ಕಳಚಿ, ಒಳಗೆ ಕಂಬಳಿಯಂತೆ ಕಟ್ಟಿಕೊಂಡಿದ್ದ ನಾರಿನ ಧೂಳನ್ನು ಕೈಯಾರೆ ಎಳೆದು ತೆಗೆದರು. (ನಾರಿನ ಧೂಳು ಹಿಡಿಯುವ ಜಾಳಿಗೆಯನ್ನು ಪ್ರತಿಸಲವೂ ಶುಚಿಗೊಳಿಸುತ್ತೇನೆಂಬ ನನ್ನ ಹೆಮ್ಮೆ ಅಲ್ಲಿಗೆ ಮುಗಿಯಿತು.) ಗಾಳಿಯ ದಾರಿ ಕಟ್ಟಿದರೆ ಶಾಖ ಮಿತಿಮೀರಿ ಫ್ಯೂಸ್ ಕಡಿದುಕೊಳ್ಳುತ್ತದೆಂದೂ, ಫ್ಯೂಸನ್ನು ತಪ್ಪಿಸಿ ತಂತಿ ಜೋಡಿಸಿದರೆ ಬೆಂಕಿಯ ಅಪಾಯವಿದೆಯೆಂದೂ ಸಮಾಧಾನದಿಂದ ವಿವರಿಸಿದರು.

ಯಂತ್ರ ಚಾಲೂ ಮಾಡಿ, ಹತ್ತು ನಿಮಿಷ ಕಾದು, ಒಳಗಿನಿಂದ ಒಂದು ಟವೆಲ್ ತೆಗೆದು ನನ್ನ ಕೈಗಿತ್ತರು. ಬೆಚ್ಚಗಿತ್ತು. ಅದನ್ನು ಹಿಡಿದೇ ನಿಂತಿದ್ದ ನನಗೆ, ಅವರು ನೆಲದ ಧೂಳನ್ನೆಲ್ಲ ಗುಡಿಸಿ ಹೊರಡುವಾಗ ಹೆಸರು ಕೇಳಲೂ ಹೊಳೆಯಲಿಲ್ಲ. ಮೆಕ್ಯಾನಿಕ್ಕರೇ, ನಿಮಗೆ ನನ್ನ ಧನ್ಯವಾದಗಳು.