ತಬಲ ಸರಿ ಮಾಡಿಸಿದ್ದೇನೆ, ಬಾ

ಬೆಂಗಳೂರು
14 ಏಪ್ರಿಲ್ 2025, ಸೋಮವಾರ

ಪ್ರೀತಿಯ ಗೆಳೆಯಾ,

ಹೇಗಿದ್ದೀಯ? ಅಮ್ಮನ ಮಂಡಿನೋವು ಕಡಿಮೆ ಆಯ್ತಾ? ಕೆಂಗೇರಿ ಮನೆ ಹೊಂದಿಕೊಂಡಿತಾ? ಇವತ್ತು ಅಂಬೇಡ್ಕರ್ ಜಯಂತಿ ರಜೆ. ಬೆಳಗ್ಗೆಯಿಂದ ಈ ಪತ್ರಕ್ಕೆ ಅಂತ ಕೂತು, ಎದ್ದು, ಮತ್ತೆ ಕೂತಿದ್ದೇನೆ. ನಿನ್ನೆ ಗರಿಗಳ ಭಾನುವಾರ ಮುಗಿಯಿತು. ನಾಳೆಯಿಂದ ನನಗೆ ಪುರುಸೊತ್ತು ಇರುವುದಿಲ್ಲ, ಈಸ್ಟರ್‌ಗೆ ಮುಂಚಿನ ಈ ಪವಿತ್ರ ವಾರ ಹೇಗಿರುತ್ತದೆ ಅಂತ ನಿನಗೆ ಗೊತ್ತಲ್ಲ.

ಇದನ್ನು ಎಲ್ಲರಿಗೂ ಕಾಣುವ ಹಾಗೆ ಯಾಕೆ ಬರೆಯುತ್ತಿದ್ದೇನೆ ಅಂತ ಮೊದಲೇ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಆ ಮಾತು ಆಡಿದ್ದು ನಾನು, ಆಡಿದ್ದು ನಮ್ಮ ಚರ್ಚಿನ ಇಡೀ ಗಾನವೃಂದದ ಮುಂದೆ. 'ಕೀಬೋರ್ಡಿನಲ್ಲೇ ತಾಳ ಬರುತ್ತದಲ್ಲ, ಅಭ್ಯಾಸಕ್ಕೆ ಸರಿಯಾಗಿ ಬರದವರ ತಬಲಕ್ಕೆ ಯಾಕೆ ಕಾಯಬೇಕು?' ಅಂದಿದ್ದೆ. ನೀನು ಶಿಫ್ಟ್ ಮುಗಿಸಿ, ಸಿಲ್ಕ್ ಬೋರ್ಡ್ ದಾಟಿ, ಊಟ ಕೂಡ ಮಾಡದೆ ಬಂದು ಬಾಗಿಲಲ್ಲಿ ನಿಂತಿದ್ದೆ. ಏನೂ ಹೇಳಲಿಲ್ಲ. ಆ ಭಾನುವಾರ ನುಡಿಸಿದೆ, ತಬಲ ಕಟ್ಟಿಟ್ಟೆ, ಮತ್ತೆ ಬರಲಿಲ್ಲ. ಎಲ್ಲರ ಮುಂದೆ ಆಡಿದ ಮಾತಿಗೆ ಮೆಸೇಜಿನಲ್ಲಿ ಕ್ಷಮೆ ಕೇಳಿದರೆ ಸರಿಹೋಗುವುದಿಲ್ಲ. ತಪ್ಪು ನನ್ನದು ಕಣೋ. ಅದು ನನಗೆ ಪೂರ್ತಿ ಅರ್ಥವಾಗಿದ್ದು ಈಸ್ಟರ್‌ಗೆ ಮುಂಚಿನ ಈ ನಲವತ್ತು ದಿನದ ತಪಸ್ಸುಕಾಲದಲ್ಲಿ.

ಹೇಗೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮಾರ್ಚ್ 5ಕ್ಕೆ, ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಬಂತು. ಹೋದ ವರ್ಷದ ಗರಿಗಳ ಭಾನುವಾರದ ಗರಿಗಳನ್ನು ಮನೆ ಮನೆಯಿಂದ ವಾಪಸ್ ತರಿಸಿ ಚರ್ಚಿನ ಹಿಂದೆ ಸುಟ್ಟರು. ಆ ಬೂದಿಯೇ ಹಣೆಗೆ. ಅದಕ್ಕೆ ಮುಂಚಿನ ಅಭ್ಯಾಸದ ದಿನ ಫಾದರ್ ಬಂದು, 'ಈ ಸಲ ತಪಸ್ಸುಕಾಲದ ನಿಯಮವನ್ನು ಸರಿಯಾಗಿ ಪಾಲಿಸೋಣ' ಅಂದರು. ನಿಯಮ ನಮಗೆ ಹೊಸದೇನಲ್ಲ. ಈ ದಿನಗಳಲ್ಲಿ ವಾದ್ಯ ಇರುವುದು ಹಾಡಿಗೆ ಆಸರೆಯಾಗಿ ಮಾತ್ರ. ಸುಮ್ನೆ ವಾದ್ಯ ನುಡಿಸುವ ಹಾಗಿಲ್ಲ. ದೇವರ ಸ್ತುತಿಯ ಮಹಿಮಾ ಗೀತೆ ಇಲ್ಲ, ಅಲ್ಲೆಲೂಯ ಅನ್ನುವ ಸ್ತುತಿಘೋಷ ಇಲ್ಲ. ನಾವು ಅಲ್ಲೆಲೂಯ ಒಂದನ್ನು ಬಿಟ್ಟು, ಉಳಿದಿದ್ದೆಲ್ಲ ಹಾಗೇ ನಡೆಸಿಕೊಂಡು ಬಂದಿದ್ದೆವು. ಕೀಬೋರ್ಡಿನ ತಾಳ, ಚರಣದ ಮಧ್ಯೆ ಪಿಟೀಲಿನ ಸದ್ದು, ಎಲ್ಲ. ಈ ಸಲ ಬರೀ ಹಾರ್ಮೋನಿಯಂ. ಅದೂ ಶ್ರುತಿಗೆ, ಮತ್ತೆ ಹಾಡಿನ ಎತ್ತುಗಡೆಗೆ.

ಮೊದಲ ವಾರ ತುಂಬಾ ಕಷ್ಟ ಆಯ್ತು. ತಾಳ ಇಲ್ಲದ ಕಡೆ ನಮ್ಮ ಹುಡುಗರು ಒಬ್ಬೊಬ್ಬರು ಒಂದೊಂದು ಕಡೆ ಓಡಿದರು. ಕೆಳಗೆ ಬೆಂಚಿನಲ್ಲಿದ್ದ ಜನ ಸುಮ್ಮನೆ ನಮ್ಮ ಕಡೆ ನೋಡುತ್ತಿದ್ದರು. ಪರಮಪ್ರಸಾದ ಗೀತೆಯ ಹೊತ್ತಿಗೆ ನನಗೆ ಹೊಳೆಯಿತು, ಜನ ಹಾಡದೆ ಎಷ್ಟು ವರ್ಷ ಆಗಿಹೋಗಿದೆ ಅಂತ. ಅವರಿಗೆ ಹಾಡಲು ನಾವು ಜಾಗವನ್ನೇ ಬಿಟ್ಟಿರಲಿಲ್ಲ. ಸ್ಪೀಕರಿನ ಸದ್ದು ಅಷ್ಟು ಜಾಸ್ತಿ ಇಟ್ಟರೆ ಯಾರು ಬಾಯಿ ಬಿಡುತ್ತಾರೆ? ಶ್ರುತಿಯದ್ದೂ ಅದೇ ಕಥೆ. ನಮ್ಮ ಹುಡುಗಿಯರ ದನಿಗೆ ಚೆಂದ ಅಂತ ಹಾರ್ಮೋನಿಯಂನ ನಾಲ್ಕು ಮನೆ ಶ್ರುತಿಯಲ್ಲಿ ಎತ್ತುತ್ತಿದ್ದೆವು. ಆ ಎತ್ತರಕ್ಕೆ ಮಂಡಿ ನೋವಿನ ಅಜ್ಜಿಯರು, ದಿನವಿಡೀ ಆಟೋ ಓಡಿಸಿ ಬಂದವರು ಎಲ್ಲಿ ಹತ್ತುತ್ತಾರೆ? ಎರಡನೇ ವಾರ ಶ್ರುತಿಯನ್ನು ಎರಡು ಮನೆಗೆ ಇಳಿಸಿದೆ. ಕೀರ್ತನೆಯ ನಡುನಡುವೆ ಎಲ್ಲರೂ ಹೇಳುವ ಶ್ಲೋಕವನ್ನು ಜನ ಮೊದಲು ಗೊಣಗಿದರು. ಮೂರನೇ ಸಲಕ್ಕೆ ಹಾಡಿದರು. ನನ್ನ ಬೆನ್ನ ಹಿಂದೆ ಅಷ್ಟು ಗಂಡಸರ ದನಿ ಕೇಳಿ ಎಷ್ಟು ಕಾಲ ಆಗಿತ್ತೋ.

ಆದರೆ ನಿಜವಾದ ಪಾಠ ಆಗಿದ್ದು ಶುಕ್ರವಾರಗಳಂದು, ಶಿಲುಬೆ ಹಾದಿಯಲ್ಲಿ, ಅಂದರೆ ಯೇಸುವಿನ ಯಾತನೆಯ ಒಂದೊಂದು ಸ್ಥಳದ ಮುಂದೆಯೂ ನಿಂತು ಮಾಡುವ ಪ್ರಾರ್ಥನೆಯಲ್ಲಿ.

ಕನಕಪುರ ಕಡೆಯ ಆ ಅಜ್ಜಿ ನಿನಗೆ ನೆನಪಿದ್ದಾರೆ ಅಲ್ವಾ? ಎಡಗಡೆ ಮೂರನೇ ಬೆಂಚು, ತಲೆ ಮೇಲೆ ಬಿಳಿ ಸೆರಗು. ಒಂದು ಸ್ಥಳದಿಂದ ಇನ್ನೊಂದಕ್ಕೆ ಹೋಗುವಾಗ ಹಾಡುವ ವ್ಯಾಕುಲ ಮಾತೆ ಮರಿಯಮ್ಮನ ಹಾಡನ್ನು ಪ್ರತಿ ಸಾಲಿನ ಕೊನೆಗೆ ಎಳೆಯುತ್ತಿದ್ದರಲ್ಲ, ಅವರೇ. ನಾವು ಮುಂದಿನ ಸಾಲಿಗೆ ಹೋಗಿದ್ದರೂ ಅವರು ಹಿಂದಿನ ಸಾಲಿನಲ್ಲೇ ಇರುತ್ತಿದ್ದರು. ನಾನು ಎಷ್ಟು ಸಲ ಸಿಡುಕಿದ್ದೇನೋ. ಮೈಕ್ ಜೋರು ಮಾಡಿ ಅವರ ದನಿ ಮುಚ್ಚಿದ್ದೂ ಇದೆ.

ಈ ಸಲ ಮೈಕ್ ಇಲ್ಲ. ಮೂರನೇ ಶುಕ್ರವಾರ ಅವರ ಎಳೆತ ಇಡೀ ಚರ್ಚಿಗೆ ಕೇಳಿಸಿತು. ಕೊನೆಯ ಸ್ವರವನ್ನು ಮೇಲೆ ಹಿಡಿದು, ಅಲ್ಲೇ ಒಂದು ಸಣ್ಣ ಕಂಪನ ಕೊಟ್ಟು, ಮೆಟ್ಟಿಲು ಇಳಿದ ಹಾಗೆ ನಿಧಾನಕ್ಕೆ ಇಳಿಸುತ್ತಾರೆ. ಬೀಸೋ ಪದದಲ್ಲಿ ಕಲ್ಲು ಒಂದು ಸುತ್ತು ಪೂರ್ತಿ ಬರುವ ತನಕ ಸೊಲ್ಲು ಹಿಡಿಯುತ್ತಾರಲ್ಲ, ಅದೇ ನಡೆ. ಮುಗಿದ ಮೇಲೆ ಹೋಗಿ ಕೇಳಿದೆ, 'ಅಜ್ಜಿ, ಇಷ್ಟು ಉದ್ದ ಯಾಕೆ ಎಳೀತೀರಾ?' ಅಂತ. ಅವರು ಹೇಳಿದ್ದು ಇಷ್ಟು: 'ಮಂಡಿ ಊರಿದೋರು ಏಳಬೇಕಲ್ಲ ಮಗಾ. ಏಳೋಗಂಟ ಹಾಡು ನಿಂತಿರಬೇಕು.'

ನಾನು ಅಲ್ಲೇ ನಿಂತುಬಿಟ್ಟೆ. ಹದಿನಾಲ್ಕು ಸ್ಥಳ. ಹದಿನಾಲ್ಕು ಸಲ ಮಂಡಿಯೂರಬೇಕು, ಹದಿನಾಲ್ಕು ಸಲ ಏಳಬೇಕು. ಬೆಂಚು ಹಿಡಿದು, ಪಕ್ಕದವರ ಕೈ ಹಿಡಿದು ಏಳುವವರಿಗೆ ಆ ಸ್ವರ ಒಂದು ಊರುಗೋಲು. ನಾವು ಮುಂದೆ ಓಡಿದಾಗಲೆಲ್ಲ ಅವರನ್ನು ನೆಲದ ಮೇಲೇ ಬಿಟ್ಟು ಹೋಗುತ್ತಿದ್ದೆವು.

ನಮ್ಮಜ್ಜಿ ಹೇಳುತ್ತಿದ್ದದ್ದು ಆಮೇಲೆ ನೆನಪಾಯಿತು. ಅವರ ಕಾಲದಲ್ಲಿ ಚರ್ಚಿನ ಪೂಜೆ ಲತೀನ್ (ಲ್ಯಾಟಿನ್) ಭಾಷೆಯಲ್ಲಿ. ಫಾದರ್ ಪೀಠದ ಕಡೆ ತಿರುಗಿ ಲತೀನಿನಲ್ಲಿ ಪ್ರಾರ್ಥಿಸಿದರೆ, ಇವರು ಬೆಂಚಿನಲ್ಲಿ ಕೂತು ಕನ್ನಡದಲ್ಲಿ ಜಪಸರ ಮಾಡುತ್ತಿದ್ದರಂತೆ. ಪೂಜೆಯಲ್ಲಿ ಜನರ ಭಾಷೆಗೆ ಬಾಗಿಲು ತೆಗೆದದ್ದು ಕಥೋಲಿಕ ಧರ್ಮಾಧ್ಯಕ್ಷರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ, 1963ರ ಡಿಸೆಂಬರಿನಲ್ಲಿ. ಆದರೆ ಶಿಲುಬೆ ಹಾದಿ, ಜಪಸರ ಇವೆಲ್ಲ ಜನರ ಭಕ್ತಿ. ಅವು ಅದಕ್ಕೂ ಮುಂಚಿನಿಂದ ಜನರ ಬಾಯಲ್ಲೇ ಇದ್ದವು. ಸ್ಥಳಗಳು ಹದಿನಾಲ್ಕೇ ಅಂತ ರೋಮ್ ನಿಗದಿ ಮಾಡಿದ್ದು 1731ರಲ್ಲಿ. ಅದನ್ನು ಯಾವ ಧಾಟಿಯಲ್ಲಿ ಹಾಡಬೇಕು ಅನ್ನುವುದನ್ನು ಹೊಲದಲ್ಲಿ, ಬೀಸುವ ಕಲ್ಲಿನ ಮುಂದೆ ಇದ್ದ ನಮ್ಮ ಹೆಂಗಸರೇ ತೀರ್ಮಾನ ಮಾಡಿದ್ದರು ಅಂತ ನನಗೆ ಈಗ ಅನ್ನಿಸುತ್ತದೆ. ಜನರ ಸ್ವಂತ ಸಂಗೀತ ಪರಂಪರೆಗೆ ಬೆಲೆ ಕೊಡಬೇಕು ಅಂತ ಆ ಮಹಾಸಭೆಯೂ ಹೇಳಿತು. ನಾವು ಮಾತ್ರ ಕೀಬೋರ್ಡಿನ ಗುಂಡಿ ಒತ್ತಿ ಅದನ್ನು ಮುಚ್ಚಿಹಾಕಿದೆವು.

ನಾಲ್ಕನೇ ಶುಕ್ರವಾರದಿಂದ ಆ ಹಾಡನ್ನು ಎತ್ತುವುದು ಅಜ್ಜಿಯೇ. ಗಾನವೃಂದ ಅವರ ಹಿಂದೆ.

ಈ ನಡುವೆ ಒಂದು ದಿನ ಸಂತ ಮೇರಿ ಬೆಸಿಲಿಕಾ ಚರ್ಚಿಗೆ ಹೋಗಿದ್ದೆ. ಶಿವಾಜಿನಗರ ಸಂಜೆ ಹೇಗಿರುತ್ತದೆ ಗೊತ್ತಲ್ಲ, ರಂಜಾನ್ ಬೇರೆ. ರಸೆಲ್ ಮಾರ್ಕೆಟ್ ಮುಂದೆ ಖರ್ಜೂರದ ಗುಡ್ಡೆ, ಸಮೋಸದ ಎಣ್ಣೆ ವಾಸನೆ. ಆಟೋದವರು ಉಪವಾಸ ಇದ್ದರು, ನಾನೂ ಇದ್ದೆ. 'ನಿಮ್ಮದು ಎಷ್ಟು ದಿನ?' ಅಂದರು. ನಲವತ್ತು ಅಂದೆ. ಭಾನುವಾರ ಲೆಕ್ಕಕ್ಕಿಲ್ಲ, ಅದೂ ಸೇರಿದರೆ ನಲವತ್ತಾರು ಅಂತಲೂ ಹೇಳಿದೆ. 'ನಮ್ಮದು ಒಂದು ತಿಂಗಳು, ನೀರೂ ಇಲ್ಲ' ಅಂದರು. ಇಳಿಯುವಾಗ ಚಿಲ್ಲರೆ ಹತ್ತು ರೂಪಾಯಿ ಬಿಟ್ಟುಕೊಟ್ಟು, ನಮಗಾಗಿಯೂ ಪ್ರಾರ್ಥನೆ ಮಾಡಿ ಅಂದರು. ಮಾಡಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಾರ್ಚ್ 30. ಆ ದಿನ ಯುಗಾದಿ. ಮಾರನೇ ದಿನ ರಂಜಾನ್ ಹಬ್ಬ. ನಮಗೆ ತಪಸ್ಸುಕಾಲದ ನಾಲ್ಕನೇ ಭಾನುವಾರ, ಅಂದರೆ ಸಂತೋಷದ ಭಾನುವಾರ. ನೇರಳೆ ಬಣ್ಣ ಒಂದು ದಿನಕ್ಕೆ ಬದಿಗೆ, ಫಾದರ್ ಗುಲಾಬಿ ಬಣ್ಣದ ಪೂಜಾವಸ್ತ್ರ ಹಾಕಿಕೊಂಡಿದ್ದರು. ಪೀಠದ ಮೇಲೆ ಹೂ ಇಡಬಹುದು. ವಾದ್ಯ ನುಡಿಸಬಹುದು.

ನಾನು ಬೆಳಗ್ಗೆ ಆರೂವರೆಗೇ ಹೋಗಿ ಬೀರು ತೆಗೆದೆ, ಕೀಬೋರ್ಡಿನ ವೈರು ಹುಡುಕಲು. ಕೆಳಗಿನ ತಟ್ಟೆಯಲ್ಲಿ ನಿನ್ನ ತಬಲ ಇತ್ತು. ನಿನ್ನ ಹಳೇ ನೀಲಿ ಚೌಕದ ಲುಂಗಿಯಲ್ಲಿ ಕಟ್ಟಿದ್ದು, ನೀನು ಹಾಕಿದ ಗಂಟು ಹಾಗೇ ಇತ್ತು. ಬಿಚ್ಚಿದೆ. ಸಿಂಬಿ ಎರಡೂ ಇದ್ದವು. ಸುತ್ತಿಗೆ ಇತ್ತು. ಪುಟ್ಟ ಪೌಡರ್ ಡಬ್ಬಿ ಕೂಡ ಇತ್ತು. ಎಡಗೈಯ ಬಾಯಾಂ ಚರ್ಮ ಸಡಿಲಾಗಿ ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ಬೆರಳಿಂದ ತಟ್ಟಿದೆ, ದಪ್ ಅಂತ ಸತ್ತ ಸದ್ದು ಬಂತು. ಯಾಕೋ ಕೀಬೋರ್ಡ್ ಹೊರಗೆ ತೆಗೆಯಲು ಕೈ ಬರಲಿಲ್ಲ. ಹಾರ್ಮೋನಿಯಂ ಒಂದೇ ಸಾಕು ಅಂತ ಹುಡುಗರಿಗೆ ಹೇಳಿದೆ. ಅವರಿಗೆ ಬೇಜಾರಾಯಿತು.

ಆ ದಿನದ ಶುಭಸಂದೇಶ ಲೂಕನದು, ಹದಿನೈದನೇ ಅಧ್ಯಾಯ, ದುಂದುಗಾರ ಮಗನ ಕಥೆ. ನಾವು ಎಷ್ಟು ಸಲ ಕೇಳಿಲ್ಲ. ಫಾದರ್ ಓದುತ್ತಾ ಹಿರಿಯ ಮಗನ ಹತ್ತಿರ ಬಂದರು. ಅವನು ಹೊಲದಿಂದ ಬರುತ್ತಾನೆ. ಮನೆ ಹತ್ತಿರ ಬಂದಾಗ ಸಂಗೀತ, ಕುಣಿತದ ಸದ್ದು ಕೇಳಿಸುತ್ತದೆ. ಒಳಗೆ ಹೋಗುವುದಿಲ್ಲ. ಹೊರಗೇ ನಿಂತು ಇಷ್ಟು ವರ್ಷ ನಾನು ದುಡಿದೆ, ನಾನು ತಪ್ಪದೆ ನಡೆದೆ ಅಂತ ಲೆಕ್ಕ ಒಪ್ಪಿಸುತ್ತಾನೆ.

ಗೆಳೆಯಾ, ನಿನ್ನನ್ನು ಮನೆ ಬಿಟ್ಟು ಹೋದ ಮಗ ಅಂತ ಹೇಳಲು ಈ ಕಥೆ ಎತ್ತುತ್ತಿಲ್ಲ. ನೀನು ಏನನ್ನೂ ದುಂದು ಮಾಡಿಲ್ಲ. ಹಿರಿಯ ಮಗ ಇದ್ದಾನಲ್ಲ, ಅವನು ನಾನು. ಹನ್ನೆರಡು ವರ್ಷ ಒಂದು ಅಭ್ಯಾಸವನ್ನೂ ತಪ್ಪಿಸಿಲ್ಲ, ಎಲ್ಲರಿಗಿಂತ ಮುಂಚೆ ಬರುವವನು ನಾನೇ ಅನ್ನುವ ಲೆಕ್ಕ ನನ್ನ ಹತ್ತಿರ ಯಾವಾಗಲೂ ಇತ್ತು. ಚರ್ಚಿಂದ ಐದು ನಿಮಿಷದ ದೂರದಲ್ಲಿ ಮನೆ ಇರುವವನು ಬೇಗ ಬರುವುದು ಏನು ದೊಡ್ಡ ವಿಷಯ? ನೀನು ಎರಡು ಬಸ್ ಬದಲಿಸಿ ಬರುತ್ತಿದ್ದೆ. ನಿನಗಾಗಿ ಹಾಡು ಒಂದು ಹತ್ತು ನಿಮಿಷ ನಿಲ್ಲಬಹುದಿತ್ತು. ಅಜ್ಜಿಯ ಮಾತು ನನಗೆ ಚುಚ್ಚಿದ್ದು ಅದಕ್ಕೇ.

ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ಬೇವು-ಬೆಲ್ಲ ಹಂಚಿದರು. ನನ್ನ ಪಾಲಿಗೆ ಬೇವೇ ಜಾಸ್ತಿ ಬಂದಿತ್ತು.

ಮುಂದಿನ ಶನಿವಾರ ಬಾಯಾಂ ತೊಡೆ ಮೇಲೆ ಇಟ್ಟುಕೊಂಡು ರಾಜಾಜಿನಗರದಿಂದ ಮೆಟ್ರೋದಲ್ಲಿ ಚಿಕ್ಕಪೇಟೆಗೆ ಹೋದೆ. ತಪಾಸಣೆಯಲ್ಲಿದ್ದ ಹೆಂಗಸು ಲುಂಗಿ ಬಿಚ್ಚಿಸಿ ನೋಡಿ, ಒಂದು ಸಲ ತಟ್ಟಿ, ನಕ್ಕು ಕಳಿಸಿದರು. ಬಳೇಪೇಟೆಯಲ್ಲಿ ವಾದ್ಯ ರಿಪೇರಿ ಮಾಡುವ ಒಬ್ಬ ಹಿರಿಯರು ಸಿಕ್ಕರು. ಹೊಸ ಚರ್ಮ ಹಾಕಿ ಬಾರು ಎಳೆದು ಕೊಟ್ಟಿದ್ದಾರೆ. ಬಲಗೈಯ ದಾಯಾಂ ಚರ್ಮ ಇನ್ನೂ ಚೆನ್ನಾಗಿದೆಯಂತೆ. 'ನುಡಿಸೋ ಕೈಗೆ ಕೊಡಿ, ಬೀರುವಿಗೆ ಕೊಡಬೇಡಿ, ಮತ್ತೆ ಹಾಳಾಗುತ್ತೆ' ಅಂದರು. ಈಗ ಅದು ನಮ್ಮ ಮನೆಯಲ್ಲಿದೆ. ಮಗಳು ಮುಟ್ಟದ ಹಾಗೆ ಮೇಲೆ ಇಟ್ಟಿದ್ದೇನೆ.

ನಿನ್ನೆ ಮಕ್ಕಳೆಲ್ಲ ತೆಂಗಿನ ಗರಿ ಹಿಡಿದು ಹೊಸನ್ನ ಹಾಡಿಕೊಂಡು ರಸ್ತೆ ಸುತ್ತಿ ಬಂದರು. ಹೊಂಗೆ ಹೂ ನೆಲದ ತುಂಬಾ. ನೀನು ಇದ್ದಿದ್ದರೆ ಸೊಂಟಕ್ಕೆ ಡೋಲಕ್ ಕಟ್ಟಿಕೊಂಡು ಮುಂದೆ ಇರುತ್ತಿದ್ದೆ.

ಗುರುವಾರ ಸಂಜೆ ಮಹಿಮಾ ಗೀತೆಗೆ ಗಂಟೆಗಳೆಲ್ಲ ಒಟ್ಟಿಗೆ ಬಾರಿಸುತ್ತವೆ, ಆಮೇಲೆ ಸುಮ್ಮನಾಗುತ್ತವೆ. ಮರದ ಗಿಲಕಿ ಅಷ್ಟೇ. ಶುಕ್ರವಾರ ಹಾರ್ಮೋನಿಯಂ ಕೂಡ ಮುಟ್ಟುವುದಿಲ್ಲ. ಯೊವಾನ್ನನ ಶುಭಸಂದೇಶದ ಯಾತನೆಯ ಕಥೆಯನ್ನು ಮೂವರು ಹಂಚಿಕೊಂಡು ಹಾಡುತ್ತಾರೆ, ಶಿಲುಬೆಗೆ ಮುತ್ತಿಡಲು ಸಾಲು ನಿಲ್ಲುತ್ತದೆ, ಹೊರಗೆ ಗಂಜಿ ಇರುತ್ತದೆ. ಅಜ್ಜಿಯ ಹಾಡೊಂದೇ ಇಡೀ ದಿನ.

ಶನಿವಾರ, 19ನೇ ತಾರೀಖು, ರಾತ್ರಿ ಹತ್ತೂವರೆಗೆ ಪಾಸ್ಕ ಜಾಗರಣೆ, ಅಂದರೆ ಈಸ್ಟರ್ ಹಿಂದಿನ ರಾತ್ರಿಯ ಪೂಜೆ. ತಮಿಳಿನವರು, ಇಂಗ್ಲಿಷಿನವರು, ನಾವು ಎಲ್ಲ ಸೇರಿ ಒಂದೇ. ಹಳೆಯ ಒಡಂಬಡಿಕೆಯ ಏಳು ವಾಚನಗಳನ್ನು ಮೂರು ಭಾಷೆಗೆ ಹಂಚಿದ್ದೇವೆ. ವಿಮೋಚನಾಕಾಂಡದ್ದು ನಮಗೆ ಬಂದಿದೆ, ಸಮುದ್ರ ದಾಟುವ ಭಾಗ. ಅದರ ಹಿಂದೆಯೇ ಬರುವ ಕೀರ್ತನೆಗೆ ಕೆಹರ್ವಾ ತಾಳ ಬೇಕು, ನಿನ್ನ ಕೈಯ ಕೆಹರ್ವಾ. ಆಮೇಲೆ ದೀಪಗಳೆಲ್ಲ ಹತ್ತಿ ಮಹಿಮಾ ಗೀತೆ. ಆಮೇಲೆ ಫಾದರ್ ಅಲ್ಲೆಲೂಯವನ್ನು ಮೂರು ಸಲ ಎತ್ತುತ್ತಾರೆ, ಒಂದೊಂದು ಸಲವೂ ಒಂದು ಮೆಟ್ಟಿಲು ಮೇಲೆ. ನಲವತ್ತು ದಿನ ನಾಲಿಗೆ ಮೇಲೆ ಬರದ ಪದ ಅದು.

ಅಭ್ಯಾಸ ಬುಧವಾರ. ಏಳೂವರೆಗೆ ಅಂತ ಬೋರ್ಡಿನಲ್ಲಿ ಹಾಕಿದ್ದೇವೆ. ನೀನು ಎಂಟೂವರೆಗೆ ಬಾ, ಒಂಬತ್ತಕ್ಕೆ ಬಾ, ಪರವಾಗಿಲ್ಲ. ನೀನು ಬರುವ ತನಕ ಶುರು ಮಾಡುವುದಿಲ್ಲ ಅಂತ ಎಲ್ಲರಿಗೂ ಹೇಳಿದ್ದೇನೆ. ಊಟ ನಮ್ಮ ಮನೆಯಲ್ಲಿ. ಬರಲು ಆಗದಿದ್ದರೆ, ಅಥವಾ ಮನಸ್ಸಿಲ್ಲದಿದ್ದರೆ, ಅದನ್ನೂ ಹೇಳು. ತಬಲವನ್ನು ನಾನೇ ಕೆಂಗೇರಿಗೆ ತಂದುಕೊಡುತ್ತೇನೆ.

ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ಹಾರ್ಮೋನಿಯಂ ಪಕ್ಕದ ಗೆಳೆಯ