ಶನಿವಾರದ ಆಲ್ಪ್ಸ್ ಪ್ರಯಾಣ: ದಾರಿ ಬದಲಾಗಿದೆ

ಎಲ್ಲರಿಗೂ ನಮಸ್ಕಾರ. ಶನಿವಾರ ಮೊದಲು ಅಂದುಕೊಂಡಿದ್ದ ಇಟಲಿಯ ಸ್ಟೆಲ್ವಿಯೊ ಘಟ್ಟ ಬೇಡ. ಒಂದೇ ಬದಿಯಲ್ಲಿ 48 ತಿರುವು, ಚಿಕ್ಕ ಮಕ್ಕಳಿಗೆ ತಲೆಸುತ್ತು ಬರುತ್ತೆ. ಬದಲಿಗೆ ಸ್ವಿಟ್ಜರ್ಲೆಂಡಿನ ಮೂರು ಘಟ್ಟ ಕಾರಿನಲ್ಲಿ ಹತ್ತೋಣ: ಆಂಡರ್‌ಮಾಟ್‌ನಿಂದ ಹೊರಟು ಸುಸ್ಟನ್ (2224 ಮೀ), ಗ್ರಿಮ್ಸೆಲ್ (2164 ಮೀ), ಕೊನೆಗೆ ಫುರ್ಕಾ (2429 ಮೀ), ಮತ್ತೆ ಆಂಡರ್‌ಮಾಟ್. ಸುಮಾರು 120 ಕಿ.ಮೀ. ಫುರ್ಕಾ ಹತ್ತುವಾಗ ರೋನ್ ಹಿಮನದಿ ಸಿಗುತ್ತೆ. ವರ್ಷ ವರ್ಷಕ್ಕೂ ಕರಗಿ ಹಿಂದೆ ಸರಿಯುತ್ತಿದೆ, ಮಕ್ಕಳು ಈಗಲೇ ನೋಡಲಿ. ಅಲ್ಲಿ ಅರ್ಧ ಗಂಟೆಯಾದರೂ ನಿಲ್ಲೋಣ.

ಬೆಳಿಗ್ಗೆ 8ಕ್ಕೆ ಆಂಡರ್‌ಮಾಟ್ ರೈಲು ನಿಲ್ದಾಣದ ಬಳಿ ಸೇರಿ. ಹೆದ್ದಾರಿಗೆ 40 ಫ್ರಾಂಕಿನ ವಿನ್ಯೆಟ್ (ಹೆದ್ದಾರಿ ಸುಂಕದ ಚೀಟಿ) ಬೇಕು. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇರಬೇಡಿ, ಗೇರ್ ಇಳಿಸಿ. ಹಳದಿ ಪೋಸ್ಟ್ ಬಸ್ (ಅಲ್ಲಿನ ಸಾರ್ವಜನಿಕ ಬಸ್) ಬಂದರೆ ದಾರಿ ಬಿಡಿ.

ಘಟ್ಟಗಳು ತೆರೆದಿವೆಯೇ ಅಂತ ಶುಕ್ರವಾರ ಸಂಜೆ ನೋಡಿ ಹೇಳ್ತೀನಿ. ಯಾರ ಕಾರು, ಎಷ್ಟು ಜನ ಅಂತ ಗುರುವಾರ ರಾತ್ರಿಯೊಳಗೆ ದಯವಿಟ್ಟು ಇಲ್ಲೇ ತಿಳಿಸಿ.